ಪರದೇಶದಲ್ಲಿ ಸಿಕ್ಕಿಬಿದ್ದ ಹುಡುಗರ ಹಾರರ್: ಈ ಏಳರಲ್ಲಿ ನಿಮಗೆ ಯಾವುದು?

ಮುಂಬೈಯಲ್ಲಿ ಮಳೆ ಹಿಡಿದರೆ ಶನಿವಾರ ರಾತ್ರಿ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಆಗ ಹಾರರ್ ಸಿನಿಮಾ ನೋಡೋಣ ಅನ್ನುವವರಿಂದ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಸ್ಟೆಲ್ ನೋಡೋದಾ, ವುಲ್ಫ್ ಕ್ರೀಕ್ ನೋಡೋದಾ? ಮಿಡ್‌ಸಮ್ಮರ್ ಅಷ್ಟು ಉದ್ದ ಇದೆಯಲ್ಲ, ಕೂರೋಕಾಗುತ್ತಾ? ಅಂಧೇರಿಯಲ್ಲಿ ಫ್ಲ್ಯಾಟ್ ಹಂಚಿಕೊಂಡಿರುವ ಹುಬ್ಬಳ್ಳಿ ಹುಡುಗರು ಕೇಳುತ್ತಾರೆ. ಹೊಸದಾಗಿ ಮದುವೆಯಾಗಿ ಥಾಣೆಗೆ ಬಂದಿರುವ ಗೆಳತಿ ಕೇಳುತ್ತಾಳೆ. ಡೊಂಬಿವಲಿಯಲ್ಲಿರುವ ಚಿಕ್ಕಪ್ಪನ ಮಗಳಂತೂ ನೇರವಾಗಿಯೇ ಕೇಳುತ್ತಾಳೆ: "ಅಕ್ಕಾ, ಎಲ್ಲಕ್ಕಿಂತ ಜಾಸ್ತಿ ರಕ್ತ ಇರೋದು ಯಾವುದು, ಅದೊಂದು ಹೇಳು ಸಾಕು."

ಅಷ್ಟೇ ಹೇಳಿದರೆ ಸಾಕಾಗಲ್ಲ. ರಕ್ತ ಎಷ್ಟಿದೆ ಅಂತ ನೋಡಿ ಇಂಥ ಸಿನಿಮಾ ಆರಿಸಿದರೆ ಹೆಚ್ಚಿನವರಿಗೆ ನಿರಾಸೆಯೇ ಆಗುತ್ತದೆ, ಇಲ್ಲವೇ ಅರ್ಧಕ್ಕೇ ಎದ್ದು ಹೋಗುತ್ತಾರೆ. ಭಯ ಎಲ್ಲಿಂದ ಬರುತ್ತದೆ ಅಂತ ನೋಡಿ ಆರಿಸಬೇಕು. ಒಬ್ಬ ಮನುಷ್ಯ ನಗುನಗುತ್ತಾ ಬಂದು ಸಹಾಯ ಮಾಡಿ ಆಮೇಲೆ ಕೊಲ್ಲುವ ಸಿನಿಮಾಗೂ, ಒಂದು ಬಳ್ಳಿ ಕಾಲಿಗೆ ಸುತ್ತಿಕೊಂಡು ಕೊಲ್ಲುವ ಸಿನಿಮಾಗೂ ಅಜಗಜಾಂತರ ಇದೆ. ಎರಡರಲ್ಲೂ ರಕ್ತ ಅಷ್ಟೇ ಇರಬಹುದು. ಆದರೆ ಮೊದಲನೆಯದು ಮುಂದಿನ ಸಲ ರಾತ್ರಿ ಟ್ಯಾಕ್ಸಿ ಹತ್ತುವಾಗ ನೆನಪಾಗುತ್ತದೆ, ಎರಡನೆಯದು ಆಗಲ್ಲ.

ನಾನಿಲ್ಲಿ ಏಳು ಸಿನಿಮಾ ತೆಗೆದುಕೊಂಡಿದ್ದೇನೆ. ಎಲ್ಲವೂ ಊರು ಬಿಟ್ಟು ದೂರ ಹೋದ ಹುಡುಗ ಹುಡುಗಿಯರ ಕಥೆ. ಕೊನೆಗೆ ಯಾರು ಉಳಿಯುತ್ತಾರೆ ಅನ್ನೋದನ್ನು ಎಲ್ಲೂ ಹೇಳಿಲ್ಲ. ನಡುವಿನ ಕೆಲವು ದೃಶ್ಯಗಳನ್ನು ಹೇಳಲೇಬೇಕು, ಇಲ್ಲದಿದ್ದರೆ ನಿಮಗೆ ಆರಿಸೋಕೆ ಆಗಲ್ಲ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು, ಅಪಾಯ ಯಾರಿಂದ? ಹಾಸ್ಟೆಲ್, ವುಲ್ಫ್ ಕ್ರೀಕ್, ಟುರಿಸ್ಟಾಸ್ ಮೂರರಲ್ಲೂ ಮನುಷ್ಯರಿಂದ. ದಿ ರೂಯಿನ್ಸ್‌ನಲ್ಲಿ ಗಿಡದಿಂದ. ಮಿಡ್‌ಸಮ್ಮರ್ ಮತ್ತು ದಿ ಗ್ರೀನ್ ಇನ್‌ಫರ್ನೋದಲ್ಲಿ ಒಂದು ಇಡೀ ಸಮುದಾಯದ ನಂಬಿಕೆಯಿಂದ. ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್‌ನಲ್ಲಿ ತೋಳದಿಂದ. ಒಬ್ಬರೇ ಓಡಾಡುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವವರು ಈ ಪ್ರಶ್ನೆಗೆ ಹೆಚ್ಚು ಬೆಲೆ ಕೊಡಬೇಕು.

ಎರಡನೆಯದು, ಹಿಂಸೆ ಎಂಥದ್ದು? ಕೆಲವರಿಗೆ ಕತ್ತಿ, ಡ್ರಿಲ್, ಇಕ್ಕಳ ನೋಡಲಾಗದು. ಕೆಲವರಿಗೆ ಅದೆಲ್ಲ ಏನೂ ಅನಿಸುವುದಿಲ್ಲ, ಆದರೆ ಚರ್ಮದ ಕೆಳಗೆ ಏನೋ ಹರಿದಾಡುವುದು ಕಂಡರೆ ಮೈ ಜುಮ್ ಅನ್ನುತ್ತದೆ. ಇನ್ನು ಕೆಲವರಿಗೆ ಕಣ್ಣಿಗಿಂತ ಕಿವಿಯೇ ಶತ್ರು. ಕಣ್ಣು ಮುಚ್ಚಿದರೂ ಸದ್ದು ಬಿಡಲ್ಲ ಅಲ್ವಾ. ನೀವು ಯಾವ ಪೈಕಿ ಅನ್ನೋದು ನಿಮಗೇ ಗೊತ್ತು.

ಮೂರನೆಯದು, ಎಷ್ಟು ಹೊತ್ತು ಕಾಯುತ್ತೀರಿ? ಇವುಗಳಲ್ಲಿ ಒಳ್ಳೆಯವು ನಿಧಾನವಾಗಿ ಶುರುವಾಗುತ್ತವೆ. ಮಾತಾಡುತ್ತಾ, ತಿನ್ನುತ್ತಾ, ಫೋನ್ ನೋಡುತ್ತಾ ಕೂರುವ ಗುಂಪಿನಲ್ಲಿ ಅವು ಸೋಲುತ್ತವೆ.

ನಾಲ್ಕನೆಯದನ್ನು ನಾನು ಯಾವತ್ತೂ ಬಿಡುವುದಿಲ್ಲ. ಸಿನಿಮಾ ಆ ಪರದೇಶವನ್ನು ಹೇಗೆ ನೋಡುತ್ತದೆ? ಅಲ್ಲಿನ ಜನರಿಗೆ ಅವರದೇ ಆದ ಕಾರಣ, ಬದುಕು ಇದೆಯಾ? ಅಥವಾ ಬಿಳಿಯ ಹುಡುಗರನ್ನು ಹೆದರಿಸೋಕೆ ಮಾತ್ರ ಇದ್ದಾರಾ? ನಾವು ಮುಂಬೈ ಕನ್ನಡಿಗರು ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ನೋಡಬಲ್ಲೆವು. ನಮ್ಮ ಅಜ್ಜಂದಿರು ಉಡುಪಿ, ಕುಂದಾಪುರ, ಬಿಜಾಪುರದ ಕಡೆಯಿಂದ ಭಾಷೆ ಬಾರದ ಊರಿಗೆ ಬಂದು, ಸ್ಟೇಷನ್ನಿನಲ್ಲಿ ಯಾರ ಮಾತು ನಂಬಬೇಕು ಅಂತ ತಿಳಿಯದೆ ನಿಂತವರು. ಈಗ ನಾವು ರಜೆ ಹಾಕಿ ವಿಯೆಟ್ನಾಂ, ಬಾಲಿ ಅಂತ ಹೋಗಿ ಅಲ್ಲಿನವರನ್ನು ಅನುಮಾನದಿಂದ ನೋಡುವವರು. ಹೊಸ ಊರಿನಲ್ಲಿ ಯಾರನ್ನು ನಂಬೋದು ಅನ್ನುವ ಭಯವನ್ನು ಪ್ರಾಮಾಣಿಕವಾಗಿ ಹಿಡಿದ ಸಿನಿಮಾ ನಮಗೆ ಹತ್ತಿರವಾಗುತ್ತದೆ. ಆ ಊರಿನವರೆಲ್ಲ ರಾಕ್ಷಸರು ಅನ್ನುವ ಸಿನಿಮಾ ಹತ್ತಿರವಾಗಲ್ಲ.

ಐದನೆಯದು ಮನೆ. ಒನ್ ರೂಮ್ ಕಿಚನ್‌ನಲ್ಲಿ ಅತ್ತೆ, ಮಾವ, ಮಗು ಎಲ್ಲ ಮಲಗಿದ ಮೇಲೆ ಟಿವಿ ಹಾಕುವವರ ಕಷ್ಟ ಬೇರೆ, ಹುಡುಗರೇ ಇರುವ ಫ್ಲ್ಯಾಟಿನವರ ಕಷ್ಟ ಬೇರೆ. ಇಂಥ ಸಿನಿಮಾಗಳಲ್ಲಿ ಮುಜುಗರ ತರುವುದು ರಕ್ತ ಅಲ್ಲ, ಬೆತ್ತಲೆ ದೃಶ್ಯಗಳು. ನೀರು ಕುಡಿಯೋಕೆ ಎದ್ದ ಮಾವನವರ ಎದುರು ರಿಮೋಟ್ ಹುಡುಕುವ ಸ್ಥಿತಿ ಬೇಡ ಅಂದರೆ ಮೊದಲೇ ತಿಳಿದಿರಬೇಕು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಈ ಸಿನಿಮಾಗಳು ಒಂದು ಓಟಿಟಿಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತವೆ. ಹಾಗಾಗಿ ಒಂದು ಸಿನಿಮಾಗೋಸ್ಕರ ವರ್ಷದ ಚಂದಾ ಕಟ್ಟಬೇಡಿ, ಬಾಡಿಗೆಗೆ ಸಿಕ್ಕರೆ ಬಾಡಿಗೆಗೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಬಾಡಿಗೆ ಕೊಟ್ಟ ಮೇಲೆ 30 ದಿನದೊಳಗೆ ಶುರು ಮಾಡಬೇಕು, ಒಮ್ಮೆ ಪ್ಲೇ ಒತ್ತಿದರೆ 48 ಗಂಟೆಯೊಳಗೆ ಮುಗಿಸಬೇಕು. ಅರ್ಧ ನೋಡಿ ಮುಂದಿನ ಶನಿವಾರಕ್ಕೆ ಇಟ್ಟರೆ ದುಡ್ಡು ಹೋಯಿತು. ಪ್ಲೇ ಒತ್ತುವ ಮುಂಚೆ ಅವಧಿಯನ್ನೂ ನೋಡಿ. ಮೂಲ ಅವಧಿಗಿಂತ ನಾಲ್ಕೈದು ನಿಮಿಷ ಕಡಿಮೆ ಇದ್ದರೆ ಕತ್ತರಿ ಬಿದ್ದಿರುವ ಸಾಧ್ಯತೆ ಇದೆ. ಕತ್ತರಿ ಬಿದ್ದ ಪ್ರತಿಯಲ್ಲಿ ಈ ಜಾತಿಯ ಸಿನಿಮಾ ನೋಡಿ ಏನೂ ಪ್ರಯೋಜನವಿಲ್ಲ. ಏಳೂ ದೊಡ್ಡವರಿಗೆ ಮಾತ್ರ. ಮನೆಯಲ್ಲಿ ಮಕ್ಕಳ ಕೈಗೆ ಅದೇ ಟಿವಿ ಸಿಗುತ್ತದೆ ಅಂದರೆ 'ಎ' ದರ್ಜೆಗೆ ಪಿನ್ ಹಾಕಿಡಿ. ನೋಡಿ ಮುಗಿದ ಮೇಲೆ ಮುಖಪುಟದಲ್ಲಿ ಅಂಥದ್ದೇ ಪೋಸ್ಟರುಗಳು ಸಾಲಾಗಿ ಬಂದು ಕೂರುತ್ತವೆ.

ಹಾಸ್ಟೆಲ್

ಈ ಜಾತಿಯ ಹೆಸರು ತೆಗೆದರೆ ಮೊದಲು ಬರುವುದು ಇದೇ. ಈಲೈ ರಾತ್ ಬರೆದು ನಿರ್ದೇಶಿಸಿದ 2005ರ ಸಿನಿಮಾ. ಹೆಸರಾಂತ ಹಾಲಿವುಡ್ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೋ ಬೆನ್ನಿಗೆ ನಿಂತಿದ್ದರು. 50 ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ ಮಾಡಿ, ಜಗತ್ತಿನಾದ್ಯಂತ 8 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಅಲ್ಲಿಂದ ಮುಂದೆ ಕೆಲವು ವರ್ಷ ಹಾಲಿವುಡ್ ಇದೇ ದಾರಿ ಹಿಡಿಯಿತು.

ಕಥೆ ಸರಳ. ಇಬ್ಬರು ಅಮೆರಿಕನ್ ಹುಡುಗರು, ಜೊತೆಗೆ ಐಸ್‌ಲ್ಯಾಂಡಿನ ಒಬ್ಬ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಜಾ ಮಾಡುತ್ತಿರುತ್ತಾರೆ. ಸ್ಲೊವಾಕಿಯಾದಲ್ಲಿ ಒಂದು ಹಾಸ್ಟೆಲ್ ಇದೆ, ಅಲ್ಲಿನ ಹುಡುಗಿಯರಿಗೆ ಅಮೆರಿಕನ್ನರೆಂದರೆ ಪ್ರಾಣ ಅಂತ ಯಾರೋ ಹೇಳುತ್ತಾರೆ. ಇವರು ರೈಲು ಹತ್ತುತ್ತಾರೆ. ಆಮೇಲೆ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಮನುಷ್ಯರನ್ನು ಹಿಂಸಿಸಿ ಕೊಲ್ಲೋಕೆ ಶ್ರೀಮಂತರು ದುಡ್ಡು ಕೊಟ್ಟು ಬರುವ ಒಂದು ಜಾಗ ಅಲ್ಲಿದೆ, ಮತ್ತು ಬಲಿಯಾಗುವವನು ಯಾವ ದೇಶದವನು ಅನ್ನುವುದರ ಮೇಲೆ ರೇಟು. ಎಲ್ಲಕ್ಕಿಂತ ದುಬಾರಿ ಅಮೆರಿಕನ್.

ಹಿಂಸೆಯ ದೃಶ್ಯಗಳಿಗಿಂತ ನನಗೆ ಹೆಚ್ಚು ತಟ್ಟಿದ್ದು ರೈಲಿನ ದೃಶ್ಯ. ಎದುರು ಸೀಟಿನಲ್ಲಿ ಒಬ್ಬ ಡಚ್ ವ್ಯಾಪಾರಿ ಕೂತು ಬರಿಗೈಯಲ್ಲಿ ಸಲಾಡ್ ತಿನ್ನುತ್ತಾನೆ. ಹುಡುಗರು ವಿಚಿತ್ರವಾಗಿ ನೋಡುತ್ತಾರೆ. ಪಾಶ್ಚಾತ್ಯ ಪ್ರೇಕ್ಷಕ ಅಲ್ಲೇ ಹೆದರಲಿ ಅಂತ ಮಾಡಿದ ದೃಶ್ಯ ಅದು. ಕೈಯಲ್ಲಿ ಅನ್ನ ಕಲಸಿ ಉಣ್ಣುವ ನಮಗೆ ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆದರೆ ಮಾತಿನ ನಡುವೆ ಅದೇ ಕೈ ಹುಡುಗನ ತೊಡೆ ಮೇಲೆ ಬಂದು ಕೂರುತ್ತದೆ ನೋಡಿ, ಆಗ ಯಾವ ದೇಶದವರಿಗಾದರೂ ಮೈ ಬಿಗಿಯುತ್ತದೆ. ತುಂಬಿದ ಲೋಕಲ್‌ನಲ್ಲಿ ಓಡಾಡಿದ ಹೆಣ್ಣುಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತೊಡಕುಗಳು. ಮೊದಲ ಅರ್ಧದಲ್ಲಿ ರಕ್ತ ಹೆಚ್ಚುಕಡಿಮೆ ಇಲ್ಲ, ಇರುವುದೆಲ್ಲ ಬೆತ್ತಲೆ ದೃಶ್ಯಗಳು. ಮನೆಯವರಿದ್ದರೆ ಇದನ್ನು ಹಾಲ್‌ನಲ್ಲಿ ಹಾಕಲೇಬೇಡಿ. ದ್ವಿತೀಯಾರ್ಧದಲ್ಲಿ ಉಪಕರಣಗಳ ಹಿಂಸೆ: ಡ್ರಿಲ್, ಕತ್ತಿ, ಚೈನ್‌ಸಾ. ಹಿಮ್ಮಡಿಯ ಹಿಂದಿನ ನರ ಕತ್ತರಿಸಿ "ಹೋಗು, ನಿನ್ನನ್ನು ಬಿಟ್ಟಿದ್ದೇನೆ" ಅನ್ನುವ ಒಂದು ದೃಶ್ಯ ಇದೆ. ಹುಡುಗ ಎದ್ದು ನಿಂತಾಗ ಏನಾಗುತ್ತದೆ ಅನ್ನುವುದನ್ನು ಒಂದು ಕ್ಷಣವಷ್ಟೇ ತೋರಿಸುತ್ತಾರೆ. ಆ ಒಂದು ಕ್ಷಣ ಸಾಕು. ಹೆಡ್‌ಫೋನ್ ಹಾಕಿ ನೋಡುವವರು ಡ್ರಿಲ್ ಸದ್ದಿಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಪರದೇಶವನ್ನು ನೋಡುವ ರೀತಿಯಲ್ಲಿ ಇದು ಸೋಲುತ್ತದೆ. ಸ್ಲೊವಾಕಿಯಾವನ್ನು ಹಾಳುಬಿದ್ದ ಕಾರ್ಖಾನೆ, ಚ್ಯೂಯಿಂಗ್ ಗಮ್‌ಗಾಗಿ ಕೊಲ್ಲುವ ಬೀದಿ ಮಕ್ಕಳ ದೇಶ ಅನ್ನುವ ಹಾಗೆ ತೋರಿಸಿದ್ದಾರೆ. ಚಿತ್ರೀಕರಣ ಮಾಡಿದ್ದು ಪಕ್ಕದ ಚೆಕ್ ಗಣರಾಜ್ಯದಲ್ಲಿ. ಸ್ಲೊವಾಕಿಯಾದ ಅಧಿಕಾರಿಗಳು ಸಿಟ್ಟಾದರು, ಆಗಲೇಬೇಕಿತ್ತು. ಅಮೆರಿಕನ್ನರಿಗೆ ಹೊರಗಿನ ಜಗತ್ತಿನ ಬಗ್ಗೆ ಏನೂ ಗೊತ್ತಿಲ್ಲ, ಅದನ್ನೇ ತೋರಿಸಿದ್ದೇನೆ ಅನ್ನುವುದು ನಿರ್ದೇಶಕರ ಸಮರ್ಥನೆ. ಆ ಹುಡುಗರ ಸೊಕ್ಕನ್ನು ಸಿನಿಮಾ ಚೆನ್ನಾಗಿಯೇ ಬಿಚ್ಚಿಡುತ್ತದೆ, ಅದನ್ನು ಒಪ್ಪುತ್ತೇನೆ. ಹೆಣ್ಣಿಗೆ ರೇಟು ಕೇಳುತ್ತಾ ಬಂದವರಿಗೇ ಕೊನೆಗೆ ರೇಟು ಕಟ್ಟುತ್ತಾರೆ. ಆದರೆ ಅದರ ಬೆಲೆ ತೆತ್ತದ್ದು ಇನ್ನೊಂದು ದೇಶದ ಹೆಸರು.

ಈ ಜಾತಿಯ ಸಿನಿಮಾಗಳ ಚರಿತ್ರೆ ಗೊತ್ತಾಗಬೇಕು ಅನ್ನುವವರು, ಉಪಕರಣಗಳ ಹಿಂಸೆ ತಡೆದುಕೊಳ್ಳುವವರು ಇದನ್ನು ನೋಡಿ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ವುಲ್ಫ್ ಕ್ರೀಕ್

ಇದೂ 2005ರದೇ. ಆಸ್ಟ್ರೇಲಿಯಾದ ಗ್ರೆಗ್ ಮೆಕ್‌ಲೀನ್ ನಿರ್ದೇಶನ. ಏಳರಲ್ಲಿ ಸಿನಿಮಾ ಆಗಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಎಲ್ಲರಿಗೂ ನೋಡಿ ಅಂತ ಹೇಳೋಕಾಗದ್ದೂ ಇದೇ.

ಇಬ್ಬರು ಬ್ರಿಟಿಷ್ ಹುಡುಗಿಯರು, ಒಬ್ಬ ಆಸ್ಟ್ರೇಲಿಯನ್ ಹುಡುಗ. ಹಳೇ ಕಾರು ಕೊಂಡು ಮರುಭೂಮಿಯ ಕಡೆ ಹೊರಡುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಉಲ್ಕೆ ಬಿದ್ದು ಆದ ವುಲ್ಫ್ ಕ್ರೀಕ್ ಕುಳಿ ನೋಡುವ ಆಸೆ. ಆ ಕುಳಿ ನಿಜವಾಗಿಯೂ ಇದೆ, ಅಡ್ಡಗಲ ಸುಮಾರು 880 ಮೀಟರ್. ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರಕ್ಕೆ ಹೋಗಿ ಅಂಚಿನಲ್ಲಿ ನಿಂತವರಿಗೆ ಅಲ್ಲಿನ ಮೌನ ಎಂಥದ್ದು ಅಂತ ತಿಳಿಯುತ್ತದೆ. ಲೋಣಾರ್ ಇದರ ಎರಡು ಪಟ್ಟು ಅಗಲ, ಅದೂ ಉಲ್ಕೆ ಬಿದ್ದೇ ಆದದ್ದು. ಆದರೆ ಲೋಣಾರ್‌ನಲ್ಲಿ ಹತ್ತಿರವೇ ಊರಿದೆ, ಚಹಾ ಸಿಗುತ್ತದೆ. ಇಲ್ಲಿ ಕಣ್ಣು ಹಾಯುವವರೆಗೂ ಯಾರೂ ಇಲ್ಲ. ಕುಳಿ ನೋಡಿ ವಾಪಸ್ ಬಂದರೆ ಕಾರು ಶುರುವಾಗಲ್ಲ.

ಆಗ ಬರುತ್ತಾನೆ ಮಿಕ್ ಟೇಲರ್. ಟ್ರಕ್ಕಿನಲ್ಲಿ ಬಂದ ಹಳ್ಳಿ ಮನುಷ್ಯ. ತಮಾಷೆ ಮಾಡುತ್ತಾನೆ, ಕಾರನ್ನು ಟೋ ಮಾಡಿ ತನ್ನ ಜಾಗಕ್ಕೆ ಕರೆದೊಯ್ಯುತ್ತಾನೆ. ಬೆಂಕಿ ಹಾಕಿ ಕೂತು ಕಥೆ ಹೇಳುತ್ತಾನೆ, ಮಳೆ ನೀರು ಅಂತ ಕುಡಿಯೋಕೆ ಕೊಡುತ್ತಾನೆ. ಜಾನ್ ಜ್ಯಾರಟ್ ಈ ಪಾತ್ರವನ್ನು ಎಷ್ಟು ಸಹಜವಾಗಿ ಮಾಡಿದ್ದಾರೆ ಅಂದರೆ, ಹುಡುಗ ಒಂದು ಸಣ್ಣ ಜೋಕ್ ಮಾಡಿದಾಗ ಮಿಕ್ ನಗುವುದನ್ನು ನಿಲ್ಲಿಸಿ ಸುಮ್ನೆ ನೋಡುತ್ತಾನಲ್ಲ, ಆ ನೋಟ ತೆರೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಇನ್ನೂ ಯಾರೂ ಯಾರನ್ನೂ ಮುಟ್ಟಿರುವುದಿಲ್ಲ. ಅಷ್ಟರಲ್ಲೇ ನಿಮ್ಮ ಹೊಟ್ಟೆಯಲ್ಲಿ ಏನೋ ಆಗಿರುತ್ತದೆ.

ಸುಮಾರು ಅರ್ಧ ಸಿನಿಮಾ ಏನೂ ನಡೆಯಲ್ಲ ಅಂತ ಹಲವರ ದೂರು. ಆ ಅರ್ಧವೇ ಇದರ ಶಕ್ತಿ ಅನ್ನುವುದು ನನ್ನ ಮಾತು. ಆ ಮೂವರು ನಿಮ್ಮ ಜೊತೆ ಟ್ರಿಪ್‌ಗೆ ಬಂದ ಗೆಳೆಯರ ಹಾಗೇ ಆಗಿರುತ್ತಾರೆ. ಹಾಗಾಗಿ ಮುಂದಿನದು ನೋಡೋದು ಕಷ್ಟ. ರಕ್ತದ ಪ್ರಮಾಣ ಹಾಸ್ಟೆಲ್‌ಗಿಂತ ಕಡಿಮೆ, ನೋವು ಜಾಸ್ತಿ. ಬೆನ್ನುಹುರಿಗೆ ಸಂಬಂಧಿಸಿದ ಒಂದು ದೃಶ್ಯ ಇದೆ, ಅದನ್ನು ವಿವರಿಸಲ್ಲ.

ನಿಜ ಘಟನೆ ಆಧರಿಸಿದ್ದು ಅಂತ ಸಿನಿಮಾದಲ್ಲಿ ಬರೆದಿದ್ದಾರೆ. ಅದನ್ನು ಅರ್ಧ ಮಾತ್ರ ನಂಬಿ. ಪಾತ್ರಗಳು, ಕಥೆ ಎಲ್ಲ ಕಲ್ಪಿತ. ಹಿಂದಿನ ಸ್ಫೂರ್ತಿ ನಿಜ: ಪ್ರವಾಸಕ್ಕೆ ಬಂದವರೂ ಸೇರಿ ಏಳು ಯುವಜನರನ್ನು ಕೊಂದದ್ದಕ್ಕೆ 1996ರಲ್ಲಿ ಶಿಕ್ಷೆಯಾದ ಐವನ್ ಮಿಲಾಟ್, ಮತ್ತು 2001ರಲ್ಲಿ ನಾರ್ದರ್ನ್ ಟೆರಿಟರಿಯ ಹೆದ್ದಾರಿಯಲ್ಲಿ ಕಾಣೆಯಾದ ಬ್ರಿಟಿಷ್ ಪ್ರವಾಸಿ ಪೀಟರ್ ಫಾಲ್ಕೋನಿಯೋ ಪ್ರಕರಣ. ಆ ಎರಡನೇ ಪ್ರಕರಣದ ವಿಚಾರಣೆ ನಡೆಯುತ್ತಿದ್ದ ಕಾರಣ ಅಲ್ಲಿ ಸಿನಿಮಾ ಬಿಡುಗಡೆಯನ್ನೇ ಮುಂದೂಡಬೇಕಾಯಿತು.

ಪರದೇಶದ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ಇದನ್ನು ಮಾಡಿದವರೇ ಆಸ್ಟ್ರೇಲಿಯನ್ನರು. ಸ್ನೇಹಮಯಿ ಹಳ್ಳಿಗ ಅಂತ ತಾವೇ ಜಗತ್ತಿಗೆ ಮಾರಿದ ಚಿತ್ರವನ್ನು ಅವರೇ ತಿರುಗಿಸಿ ನೋಡಿದ್ದಾರೆ.

ಹೆಣ್ಣುಮಕ್ಕಳ ಮೇಲಿನ ಹಿಂಸೆ ನೋಡಲಾಗದು ಅನ್ನುವವರು ಬಿಡಿ. ಗುಂಪಿನಲ್ಲಿ ಗಲಾಟೆ ಮಾಡುತ್ತಾ ನೋಡುವವರೂ ಬಿಡಿ. ಒಬ್ಬರೇ ಅಥವಾ ಇಬ್ಬರೇ, ದೀಪ ಆರಿಸಿ, ಫೋನ್ ದೂರ ಇಟ್ಟು ನೋಡುವವರಿಗೆ ಇದು.

ದಿ ರೂಯಿನ್ಸ್

2008ರ ಈ ಸಿನಿಮಾಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಗುಂಪಿನಲ್ಲಿ ನೋಡೋಕೆ ಏಳರಲ್ಲಿ ಇದೇ ಒಳ್ಳೆಯದು. ಸ್ಕಾಟ್ ಸ್ಮಿತ್ ತಮ್ಮ 2006ರ ಕಾದಂಬರಿಯನ್ನು ತಾವೇ ಚಿತ್ರಕಥೆ ಮಾಡಿಕೊಟ್ಟಿದ್ದಾರೆ, ನಿರ್ದೇಶನ ಕಾರ್ಟರ್ ಸ್ಮಿತ್.

ಮೆಕ್ಸಿಕೋದ ರೆಸಾರ್ಟಿನಲ್ಲಿ ರಜೆ ಕಳೆಯುತ್ತಿರುವ ಎರಡು ಅಮೆರಿಕನ್ ಜೋಡಿ. ಕಾಡಿನೊಳಗೆ ಯಾರೂ ನೋಡದ ಮಾಯನ್ ಪಿರಮಿಡ್ ಇದೆ ಅಂತ ಒಬ್ಬ ಜರ್ಮನ್ ಹುಡುಗನ ಜೊತೆ ಹೋಗುತ್ತಾರೆ. ಅಲ್ಲಿಗೆ ಬಿಲ್ಲು, ಬಂದೂಕು ಹಿಡಿದ ಹಳ್ಳಿಯವರು ಬಂದು ಕೂಗಾಡುತ್ತಾರೆ. ಇವರಿಗೆ ಭಾಷೆ ತಿಳಿಯಲ್ಲ. ಒಬ್ಬಳು ಅವರ ಫೋಟೋ ತೆಗೆಯೋಣ ಅಂತ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾಳೆ, ಕಾಲು ಬಳ್ಳಿಗೆ ತಾಗುತ್ತದೆ. ಅಲ್ಲಿಗೆ ಮುಗಿಯಿತು. ಪಿರಮಿಡ್ ಹತ್ತಿದ ಅವರನ್ನು ಹಳ್ಳಿಯವರು ಇನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಮಳೆಗಾಲದಲ್ಲಿ ಸಹ್ಯಾದ್ರಿಯ ಕೋಟೆಗಳಿಗೆ ಟ್ರೆಕ್ ಹೋಗಿ, ಅಂಚಿನಲ್ಲಿ ನಿಂತು ಫೋಟೋಗೆ ಹಿಂದೆ ಹಿಂದೆ ಸರಿಯುವವರನ್ನು ಕಂಡವರು ಈ ದೃಶ್ಯ ಮರೆಯಲ್ಲ.

ಪಿರಮಿಡ್ಡಿನ ಮೇಲೆ ನೀರು ಕಡಿಮೆ, ಊಟ ಕಡಿಮೆ, ಬಿಸಿಲು ಜಾಸ್ತಿ. ಕೆಳಗಿನ ಬಾವಿಯಂಥ ಗುಂಡಿಯಿಂದ ಮೊಬೈಲ್ ರಿಂಗಾಗುವ ಸದ್ದು ಬರುತ್ತದೆ. ಹಗ್ಗ ಕಟ್ಟಿ ಇಳಿದು ಹುಡುಕುತ್ತಾರೆ. ಆ ಸದ್ದು ಮಾಡುತ್ತಿರುವುದು ಫೋನ್ ಅಲ್ಲ, ಬಳ್ಳಿಯ ಕೆಂಪು ಹೂಗಳು. ಕೇಳಿದ ಸದ್ದನ್ನು ಅವು ಅನುಕರಿಸುತ್ತವೆ. ಒಂದು ಗಿಡ ನಿಮ್ಮನ್ನು ಮೋಸ ಮಾಡಿ ಕರೆಯುವುದು ಎಷ್ಟು ಹೆದರಿಕೆ ಹುಟ್ಟಿಸಬಲ್ಲದು ಅಂತ ನೋಡಿಯೇ ತಿಳಿಯಬೇಕು.

ಹಿಂಸೆ ಇಲ್ಲಿ ದೇಹದೊಳಗಿನದು. ಗಾಯದಲ್ಲಿ ಬಳ್ಳಿ ಬೇರು ಬಿಡುತ್ತದೆ. ವೈದ್ಯಕೀಯ ಓದುತ್ತಿರುವ ಹುಡುಗ ಕಲ್ಲು, ಚಾಕು, ಕಾದ ಬಾಣಲೆ ಇಟ್ಟುಕೊಂಡು ಕಾಲು ಕತ್ತರಿಸುವ ದೃಶ್ಯ ಏಳು ಸಿನಿಮಾಗಳಲ್ಲೇ ಅತ್ಯಂತ ಕಠಿಣವಾದದ್ದರಲ್ಲಿ ಒಂದು. ಆದರೆ ಅದು ಉಳಿಸೋಕೆ ಮಾಡುವ ಪ್ರಯತ್ನ, ಕ್ರೌರ್ಯ ಅಲ್ಲ. ಆ ವ್ಯತ್ಯಾಸ ದೊಡ್ಡದು. ಹಾಸ್ಟೆಲ್ ನೋಡಿ ಮನುಷ್ಯರ ಮೇಲೆ ಹೇಸಿಗೆ ಹುಟ್ಟಿದರೆ, ಇಲ್ಲಿ ಪಾತ್ರಗಳ ಮೇಲೆ ಕನಿಕರ ಹುಟ್ಟುತ್ತದೆ. ಕೆಟ್ಟವರೇ ಇಲ್ಲದ ಕಥೆ ಇದು. ಹಳ್ಳಿಯವರು ಕಾವಲು ನಿಂತಿರುವುದಕ್ಕೂ ಕಾರಣ ಇದೆ: ಬಳ್ಳಿ ತಾಗಿದವರು ಹೊರಗೆ ಹೋದರೆ ಅದು ಎಲ್ಲೆಡೆ ಹಬ್ಬುತ್ತದೆ. ನೋಡುತ್ತಾ ನೋಡುತ್ತಾ ಅವರು ಮಾಡುತ್ತಿರುವುದೇ ಸರಿಯೇನೋ ಅನಿಸುತ್ತದೆ.

ಒಂದೂವರೆ ಗಂಟೆ. ಬೆತ್ತಲೆ ದೃಶ್ಯ ಇದೆ, ಹಾಸ್ಟೆಲ್‌ನಷ್ಟು ಅಲ್ಲ. ಊಟ ಮಾಡುತ್ತಾ ಮಾತ್ರ ನೋಡಬೇಡಿ.

ಟುರಿಸ್ಟಾಸ್ ಮತ್ತು ದಿ ಗ್ರೀನ್ ಇನ್‌ಫರ್ನೋ

ಈ ಎರಡನ್ನು ಒಟ್ಟಿಗೇ ಹೇಳುತ್ತೇನೆ, ಯಾಕಂದರೆ ಎರಡರ ಸಮಸ್ಯೆಯೂ ಒಂದೇ: ಅಲ್ಲಿನ ಜನ ಹೆದರಿಸೋಕೆ ಮಾತ್ರ ಇದ್ದಾರೆ.

ಟುರಿಸ್ಟಾಸ್ 2006ರದು, ಜಾನ್ ಸ್ಟಾಕ್‌ವೆಲ್ ನಿರ್ದೇಶನ. ಬ್ರೆಜಿಲ್‌ನಲ್ಲಿ ಬಸ್ ಕಂದಕಕ್ಕೆ ಬಿದ್ದು ದಾರಿ ತಪ್ಪಿದ ಪ್ರವಾಸಿಗರು ಸಮುದ್ರ ತೀರದ ಬಾರ್ ಸೇರುತ್ತಾರೆ. ಡ್ರಿಂಕ್ಸ್‌ನಲ್ಲಿ ಏನೋ ಬೆರೆಸಿ ಎಲ್ಲ ದೋಚುತ್ತಾರೆ. ಮುಂದೆ ಅಂಗಾಂಗ ಕೀಳುವ ಡಾಕ್ಟರ್. ಗೋವಾ ತೀರದಲ್ಲಿ ಓಡಾಡಿದವರಿಗೆ ಮೊದಲ ಭಾಗ ಬಹಳ ಪರಿಚಿತ ಅನಿಸುತ್ತದೆ, ನೀರೊಳಗಿನ ಗುಹೆಯ ಬೆನ್ನಟ್ಟುವಿಕೆಯ ಚಿತ್ರೀಕರಣ ನಿಜಕ್ಕೂ ಚೆನ್ನಾಗಿದೆ. ಶ್ರೀಮಂತ ದೇಶದವರು ನಮ್ಮ ಬಡವರ ಕಿಡ್ನಿ ಕೊಂಡುಕೊಳ್ಳುತ್ತಾರೆ, ನಾನು ಅದನ್ನು ವಾಪಸ್ ಪಡೆಯುತ್ತಿದ್ದೇನೆ ಅನ್ನುವ ಅರ್ಥದ ಮಾತನ್ನು ಡಾಕ್ಟರ್ ಆಡುತ್ತಾನೆ. ನಮ್ಮಂಥ ದೇಶದವರಿಗೆ ಎಂಥ ಗಟ್ಟಿ ವಿಷಯ ಅದು! ಒಂದು ಭಾಷಣದಲ್ಲಿ ಮುಗಿಸಿ, ಮತ್ತೆ ಓಡುವ ಹುಡುಗರ ಹಿಂದೆ ಹೋಗಿಬಿಡುತ್ತಾರೆ.

ಗ್ರೀನ್ ಇನ್‌ಫರ್ನೋ ಮತ್ತೆ ಈಲೈ ರಾತ್ ಅವರದು. 2013ರಲ್ಲಿ ಟೊರಾಂಟೋ ಉತ್ಸವದಲ್ಲಿ ತೋರಿಸಿದರು, ಚಿತ್ರಮಂದಿರಕ್ಕೆ ಬಂದದ್ದು 2015ರಲ್ಲಿ. ಪೆರುವಿನ ಕಾಡು ಉಳಿಸಲು ಹೋದ ವಿದ್ಯಾರ್ಥಿಗಳು ವಿಮಾನ ಬಿದ್ದು ನರಭಕ್ಷಕರ ಕೈಗೆ ಸಿಗುತ್ತಾರೆ. ಚಿಕ್ಕಪ್ಪನ ಮಗಳು ಕೇಳಿದ 'ಜಾಸ್ತಿ ರಕ್ತ' ಇದರಲ್ಲಿದೆ. ಮೊದಲ ಸಾವಿನ ದೃಶ್ಯವನ್ನು ತುಂಡು ತುಂಡಾಗಿ ತೋರಿಸಿದ್ದಾರೆ. ಅದಾದ ಮೇಲೆ ಪಂಜರದಲ್ಲಿ ಬೇಧಿಯ ಜೋಕು. ಹೆದರಬೇಕೋ ನಗಬೇಕೋ ಅಂತ ಸಿನಿಮಾಕ್ಕೇ ತಿಳಿದಿಲ್ಲ. ಆದಿವಾಸಿಗಳನ್ನು ಹೀಗೆ ತೋರಿಸಿದ್ದಕ್ಕೆ ಅಮೆಜಾನ್ ಜನರ ಪರ ಕೆಲಸ ಮಾಡುವವರು ಆಕ್ಷೇಪ ಎತ್ತಿದರು. ಕಾಡು ಉಳಿಸಲು ಅವರೇ ಜೀವ ಪಣಕ್ಕಿಟ್ಟು ನಿಂತಿರುವ ಹೊತ್ತಿನಲ್ಲಿ ಇಂಥ ಚಿತ್ರಣ ನನಗೂ ಒಪ್ಪಿಗೆಯಾಗಲಿಲ್ಲ. ಮೇಕಪ್ ಕೆಲಸ ನೋಡಲೇಬೇಕು ಅನ್ನುವವರು ನೋಡಿ, ದುಡ್ಡು ಕೊಟ್ಟು ಬಾಡಿಗೆಗೆ ತೆಗೆದುಕೊಳ್ಳಿ ಅಂತ ನಾನು ಹೇಳಲ್ಲ.

ಮಿಡ್‌ಸಮ್ಮರ್

2019, ಆರಿ ಆಸ್ಟರ್. ಸುಮಾರು ಎರಡೂವರೆ ಗಂಟೆ. ನಿರ್ದೇಶಕರ ಪೂರ್ಣ ಆವೃತ್ತಿ ಸಿಕ್ಕರೆ 171 ನಿಮಿಷ. ಸ್ವೀಡನ್ನಿನ ಕಥೆ, ಚಿತ್ರೀಕರಣ ಹಂಗೇರಿಯಲ್ಲಿ.

ಇದರಲ್ಲಿ ಕತ್ತಲೆಯೇ ಇಲ್ಲ ಅನ್ನಬಹುದು. ಸೂರ್ಯ ಮುಳುಗದ ಬೇಸಿಗೆಯಲ್ಲಿ, ಬಿಳಿ ಬಟ್ಟೆ ತೊಟ್ಟು, ತಲೆಗೆ ಹೂ ಮುಡಿದು, ಹಾಡುತ್ತಾ ಕುಣಿಯುತ್ತಾ ಎಲ್ಲವೂ ನಡೆಯುತ್ತದೆ. ಅಪ್ಪ, ಅಮ್ಮ, ತಂಗಿಯನ್ನು ಒಟ್ಟಿಗೇ ಕಳೆದುಕೊಂಡ ಡಾನಿ, ತನ್ನನ್ನು ಬೇಡವಾಗಿ ಸಹಿಸಿಕೊಂಡಿರುವ ಹುಡುಗನ ಜೊತೆ ಸ್ವೀಡನ್ನಿನ ಒಂದು ಹಳ್ಳಿಗೆ ಹೋಗುತ್ತಾಳೆ. ಡಾನಿಯಾಗಿ ಫ್ಲಾರೆನ್ಸ್ ಪ್ಯೂ ಅಳುವುದನ್ನು ಕೇಳಿದರೆ ಎದೆ ಹಿಂಡುತ್ತದೆ. ರಕ್ತದ ದೃಶ್ಯಗಳು ಕೆಲವೇ, ಆದರೆ ಬಂದಾಗ ಹಗಲು ಬೆಳಕಿನಲ್ಲಿ, ಕ್ಯಾಮೆರಾ ಕಣ್ಣು ತಿರುಗಿಸದೆ ತೋರಿಸುತ್ತದೆ. ವಯಸ್ಸಾದವರು ಬಂಡೆಯಿಂದ ಹಾರುವ ದೃಶ್ಯವೊಂದಿದೆ. ಮನೆಯಲ್ಲಿ ಹಿರಿಯರ ಆರೈಕೆ ಮಾಡುತ್ತಿರುವವರಿಗೆ ಅದು ಬೇರೆ ರೀತಿಯಲ್ಲಿ ತಟ್ಟುತ್ತದೆ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಸದ್ಯಕ್ಕೆ ಇದನ್ನು ಮುಂದೂಡಿ. ಆತ್ಮಹತ್ಯೆಯ ವಿಷಯ ಮೊದಲ ಹದಿನೈದು ನಿಮಿಷದಲ್ಲೇ ಬರುತ್ತದೆ.

ಪೂರ್ತಿ ಬೆತ್ತಲೆ ದೃಶ್ಯವೂ ಇದೆ, ಕೊನೆಯ ಭಾಗದಲ್ಲಿ. ಒಟ್ಟಿಗೆ ಕೂತು ನೋಡಿ ಆಮೇಲೆ ಗಂಟೆಗಟ್ಟಲೆ ಮಾತಾಡುವ ಜೋಡಿಗಳಿಗೆ ಇದು. ಆದರೆ ಸಂಬಂಧ ಈಗಾಗಲೇ ಅಲುಗಾಡುತ್ತಿದ್ದರೆ ಒಟ್ಟಿಗೆ ನೋಡೋದು ಬೇಡ, ನಿಜವಾಗಿ ಹೇಳುತ್ತಿದ್ದೇನೆ.

ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್

ಹಳೆಯದು ಅಂತ ಯಾರೂ ಇದನ್ನು ಆರಿಸಲ್ಲ. 1981ರ ಸಿನಿಮಾ, ಜಾನ್ ಲ್ಯಾಂಡಿಸ್ ನಿರ್ದೇಶನ. ಮೊದಲ ಸಲ ಈ ಜಾತಿಗೆ ಬರುವವರಿಗೆ ನಾನು ಕೊಡುವುದು ಇದನ್ನೇ.

ನ್ಯೂಯಾರ್ಕಿನ ಇಬ್ಬರು ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಇಂಗ್ಲೆಂಡಿನ ಯಾರ್ಕ್‌ಶೈರ್ ಬಯಲಲ್ಲಿ ನಡೆಯುತ್ತಿರುತ್ತಾರೆ. ಚಳಿ. ಒಂದು ಪಬ್ಬಿನ ಒಳಗೆ ಹೋದರೆ ಮಾತೆಲ್ಲ ನಿಲ್ಲುತ್ತದೆ. ಗೋಡೆಯ ಮೇಲೆ ಐದು ಮೂಲೆಯ ನಕ್ಷತ್ರ. ಅದೇನು ಅಂತ ಕೇಳಿದ್ದಕ್ಕೆ ಊರಿನವರ ಮುಖ ಬಿಗಿಯುತ್ತದೆ. ರಸ್ತೆ ಬಿಟ್ಟು ಹೋಗಬೇಡಿ ಅಂತಷ್ಟೇ ಹೇಳಿ ಕಳಿಸುತ್ತಾರೆ. ಇವರು ಮಾತಾಡುತ್ತಾ ರಸ್ತೆ ಬಿಡುತ್ತಾರೆ.

ಆಮೇಲೆ, ತೋಳ ಕಚ್ಚಿದ ಹುಡುಗ ತಾನೇ ತೋಳವಾಗುವ ರೂಪಾಂತರದ ದೃಶ್ಯಕ್ಕೆ ಇಂದಿಗೂ ಸಾಟಿ ಇಲ್ಲ. ಕಂಪ್ಯೂಟರ್ ಇಲ್ಲದ ಕಾಲ. ಕತ್ತಲಲ್ಲಿ ಮರೆಮಾಚದೆ, ದೀಪ ಉರಿಯುತ್ತಿರುವ ಹಾಲ್‌ನಲ್ಲಿ, ಹುಡುಗನ ಅಂಗೈ ಉದ್ದವಾಗುವುದನ್ನು, ಬೆನ್ನೆಲುಬು ಏಳುವುದನ್ನು ತೋರಿಸುತ್ತಾರೆ. ಮೇಕಪ್ ಮಾಡಿದ ರಿಕ್ ಬೇಕರ್‌ಗೆ ಆಸ್ಕರ್ ಬಂತು. ಅತ್ಯುತ್ತಮ ಮೇಕಪ್ ಅನ್ನುವ ವಿಭಾಗ ಶುರುವಾದ ಮೊದಲ ವರ್ಷ ಅದು. ನಗು, ದುಃಖ, ರಕ್ತ ಮೂರೂ ಇಲ್ಲಿ ಹದವಾಗಿ ಬೆರೆತಿವೆ. ಸತ್ತ ಗೆಳೆಯ ಮತ್ತೆ ಮತ್ತೆ ಬಂದು ಮಾತಾಡುತ್ತಾನೆ, ಪ್ರತಿ ಸಲವೂ ಇನ್ನಷ್ಟು ಕೊಳೆತಿರುತ್ತಾನೆ, ಆದರೂ ಅದೇ ಗೆಳೆಯ. ಮಲಗುವ ಕೋಣೆಯ ದೃಶ್ಯಗಳೂ, ಬೆತ್ತಲೆ ದೃಶ್ಯಗಳೂ ಇವೆ, ಹಾಗಾಗಿ ಅಮ್ಮನ ಜೊತೆಗಿನದು ಇದೂ ಅಲ್ಲ.

ಹಾಗಾದರೆ ಯಾವುದು?

ಅಂಧೇರಿಯ ಹುಡುಗರಿಗೆ, ನಾಲ್ಕೈದು ಜನ ಸೇರುವವರಿಗೆ: ದಿ ರೂಯಿನ್ಸ್. ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ನಡುವೆಯೇ ಜಗಳ ಶುರುವಾಗುತ್ತದೆ, ಆ ಜಗಳ ಸಿನಿಮಾಕ್ಕೆ ತೊಂದರೆ ಕೊಡಲ್ಲ. ಅದನ್ನು ನೋಡಿದ್ದರೆ ಹಾಸ್ಟೆಲ್.

ಥಾಣೆಯ ಹೊಸ ಜೋಡಿಗೆ: ಗಂಡ ಇಂಥ ಸಿನಿಮಾಗೆ ಹೊಸಬ ಅಂದೆಯಲ್ಲ, ವೇರ್‌ವುಲ್ಫ್‌ನಿಂದ ಶುರು ಮಾಡಿ. ಇಬ್ಬರಿಗೂ ಹಿಡಿಸಿದರೆ, ಮಾರನೇ ದಿನ ರಜೆ ಇರುವಾಗ ಮಿಡ್‌ಸಮ್ಮರ್.

ಒನ್ ರೂಮ್ ಕಿಚನ್‌ನಲ್ಲಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿ ನೋಡುವವರಿಗೆ: ವುಲ್ಫ್ ಕ್ರೀಕ್. ಟಿವಿ ಬೇಡ, ಲ್ಯಾಪ್‌ಟಾಪ್ ಸಾಕು. ಫೋನಿನಲ್ಲಿ ಮಾತ್ರ ನೋಡಬೇಡಿ. ಆ ಮರುಭೂಮಿಯ ಅಗಲ ಕಾಣದಿದ್ದರೆ ಅವರು ಎಷ್ಟು ಒಂಟಿ ಅನ್ನುವುದೇ ತಿಳಿಯಲ್ಲ.

ದುಡ್ಡು ಒಂದಕ್ಕೆ ಮಾತ್ರ ಕೊಡುವೆ ಅನ್ನುವವರಿಗೂ ವುಲ್ಫ್ ಕ್ರೀಕ್. ಸಮಯ ಕಡಿಮೆ ಅಂದರೆ ರೂಯಿನ್ಸ್. ಟುರಿಸ್ಟಾಸ್ ನಿಮ್ಮ ಚಂದಾದೊಳಗೇ ಇದ್ದರೆ ಭಾನುವಾರ ಮಧ್ಯಾಹ್ನಕ್ಕೆ ಆಗಬಹುದು.

ಡೊಂಬಿವಲಿಯ ತಂಗಿಗೆ: ನೀನು ದೀಪಾವಳಿಗೆ ಗೆಳತಿಯರ ಜೊತೆ ಗೋವಾಕ್ಕೆ ಹೋಗುತ್ತೀಯ, ವಾಗಾತೋರ್‌ನಲ್ಲಿ ಡಾರ್ಮ್ ಬುಕ್ ಮಾಡಿದ್ದೀಯ. ಅಲ್ಲಿಯವರೆಗೆ ಹಾಸ್ಟೆಲ್, ಟುರಿಸ್ಟಾಸ್, ವುಲ್ಫ್ ಕ್ರೀಕ್ ಮೂರೂ ಬೇಡ. ಈ ವಾರ ರೂಯಿನ್ಸ್ ನೋಡು. ವಾಪಸ್ ಬಂದ ಮೇಲೆ ವುಲ್ಫ್ ಕ್ರೀಕ್ ಹಾಕೋಣ, ನಾನೂ ಬರುತ್ತೇನೆ. ಕೊನೆಯ ಲೋಕಲ್ ತಪ್ಪಿದರೆ ನಿಮ್ಮ ಮನೆಯಲ್ಲೇ ಉಳಿಯುತ್ತೇನೆ, ಚಿಕ್ಕಮ್ಮನಿಗೆ ಹೇಳಿಡು.